ಸೀಟು ತಪ್ಪಿಸಿದ್ದು ರ‍್ಯಾಂಕ್ ಅಲ್ಲ, ತಾರೀಕು



ಪೋಸ್ಟ್ ಉದ್ದ ಇದೆ. ನಿಮ್ಮ ಮನೇಲಿ, ಕೇರಿಲಿ, ಪರಿಚಯದವರಲ್ಲಿ ಎಂಬಿಬಿಎಸ್ ಓದ್ತಿರೋ ಒಂದೇ ಒಂದು ಮಗು ಇದ್ದರೂ ಪೂರ್ತಿ ಓದಿ. ಇಲ್ಲದಿದ್ದರೆ ಇರೋರಿಗೆ ಕಳಿಸಿ. ಲೈಕ್ ಬೇಡ.

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಮತ್ತೆ ಅದೇ ಹಳೇ ಮಾತು ಬಂತು. ಪಕ್ಕದ ಸೆಕ್ಷನ್ನಿನವರೊಬ್ಬರ ಮಗನಿಗೆ ಮೆಡಿಕಲ್ ಪಿಜಿ ಸೀಟು ಸಿಕ್ಕಿಲ್ಲ. ಆ ಸಿಟ್ಟು ನನ್ನ ಮೇಲೆ ತಿರುಗಿತು. "ನಿಮ್ಮೋರಿಗೇನು ಬಿಡಿ ಮೇಡಂ, ಅರ್ಜಿ ಹಾಕಿದ್ರೆ ಸಾಕು, ಸೀಟು ಮನೆ ಬಾಗಿಲಿಗೆ ಬರುತ್ತೆ" ಅಂದರು.

ಅರ್ಜಿ ಹಾಕಿದ್ರೆ ಸಾಕು. ಈ ಮೂರು ಪದದ ಮೇಲೇನೇ ಈ ಪೋಸ್ಟು.

ನಾನು ಬಿಎ ಓದಿದ ಗುಮಾಸ್ತೆ. ಹತ್ತೊಂಬತ್ತು ವರ್ಷದಿಂದ ಅರ್ಜಿಗಳ ಜೊತೆಗೇ ಬದುಕಿದ್ದೀನಿ. ಅರ್ಜಿ ಯಾವ ಮೇಜಿನ ಮೇಲೆ ನಿಲ್ಲುತ್ತೆ, ಯಾಕೆ ನಿಲ್ಲುತ್ತೆ, "ದಾಖಲೆ ಅಪೂರ್ಣ" ಅಂತ ಒಂದು ಸಾಲು ಶರಾ ಬರೆದರೆ ಅದರ ಹಿಂದೆ ಎಷ್ಟು ಮನೆಗಳ ಲೆಕ್ಕ ತಪ್ಪುತ್ತೆ ಅಂತ ನನಗೆ ಗೊತ್ತು. ಡಾಕ್ಟರ್ ವಿದ್ಯೆ ನನಗೆ ಗೊತ್ತಿಲ್ಲ. ಕಾಗದದ ವಿದ್ಯೆ ಗೊತ್ತು. ಅದಕ್ಕೇ ಹೇಳ್ತೀನಿ ಕೇಳಿ: ನಮ್ಮ ಮಕ್ಕಳಿಗೆ ಪಿಜಿ ಸೀಟು ತಪ್ಪುತ್ತಿರೋದು ಬರೀ ರ‍್ಯಾಂಕಿನಲ್ಲಿ ಅಲ್ಲ. ರ‍್ಯಾಂಕ್ ಬಂದ ಮೇಲೆ, ತಾರೀಕಿನಲ್ಲಿ ತಪ್ಪುತ್ತಿದೆ. ನಾವು ನಲವತ್ತು ವರ್ಷದಿಂದ ಮಾರ್ಕ್ಸಿನ ಬಗ್ಗೆ ವಾದ ಮಾಡ್ತಾ ಕೂತಿದ್ದೀವಿ. ಬೇಲಿ ಕ್ಯಾಲೆಂಡರಿನಲ್ಲಿ ಹಾಕಿದ್ದಾರೆ.

ನನ್ನ ಅಕ್ಕನ ಮಗಳ ಕಥೆ ಹೇಳ್ತೀನಿ. ಹೆಸರು ಬರೆಯಲ್ಲ, ಅವಳಿಗೆ ಇಷ್ಟ ಇಲ್ಲ.

ಅಕ್ಕ ಪೌರಕಾರ್ಮಿಕಳು. ಭಾವ ಗಾರೆ ಕೆಲಸ ಮಾಡ್ತಿದ್ದರು, ಈಗ ಇಲ್ಲ. ಹುಡುಗಿ ಕೆಇಎ ಮೂಲಕ ಒಂದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಎಂಬಿಬಿಎಸ್ ಸೀಟು ತಗೊಂಡಳು, 2017ರಲ್ಲಿ. ಕೋವಿಡ್ ಬಂತು, ಪರೀಕ್ಷೆಗಳು ಹಿಂದೆ ಬಿದ್ದವು, ಇಂಟರ್ನ್‌ಶಿಪ್ ತಡವಾಗಿ ಶುರುವಾಯಿತು. ಮುಗಿಯೋದು 2023ರ ಜುಲೈ.

ನೀಟ್ ಪಿಜಿ 2023 ಇದ್ದದ್ದು ಮಾರ್ಚ್ 5ಕ್ಕೆ. ಇಂಟರ್ನ್‌ಶಿಪ್ ಮಾರ್ಚ್ 31ರೊಳಗೆ ಮುಗಿದಿರಬೇಕು ಅಂತ ಮೊದಲು ಹೇಳಿದರು. ಅವಳು ಅನರ್ಹಳು. ಜನವರಿಯಲ್ಲಿ ಆ ಗಡುವನ್ನ ಜೂನ್ 30ಕ್ಕೆ ತಳ್ಳಿದರು. ಆಗಲೂ ಅನರ್ಹಳು. ಫೆಬ್ರುವರಿ 7ಕ್ಕೆ ಆಗಸ್ಟ್ 11 ಅಂದರು. ಈಗ ಅರ್ಹಳಾದಳು! ಫಾರಂ ತುಂಬೋಕೆ ಫೆಬ್ರುವರಿ 9ರಿಂದ 12ರವರೆಗೆ ಮತ್ತೆ ಅವಕಾಶ ಕೊಟ್ಟರು. ಪರೀಕ್ಷೆಗೆ ಉಳಿದದ್ದು ಒಂದು ತಿಂಗಳಿಗಿಂತ ಕಮ್ಮಿ. ಹಗಲು ರಾತ್ರಿ ವಾರ್ಡ್ ಡ್ಯೂಟಿ ಬೇರೆ.

ಗಡುವು ವಿಸ್ತರಿಸಿದ್ದು ಒಳ್ಳೇದಲ್ವಾ ಅಂತ ಕೇಳಬಹುದು. ಒಳ್ಳೇದೇ. ಆದರೆ ಯಾರಿಗೆ? ಅಪ್ಪ ಡಾಕ್ಟರು, ಅತ್ತೆ ಡಾಕ್ಟರು ಇರೋ ಮನೆಯ ಮಕ್ಕಳು ಗಡುವು ಏನೇ ಇರಲಿ ಎರಡನೇ ವರ್ಷದಿಂದಲೇ ಪಿಜಿಗೆ ಓದ್ತಿರ್ತಾರೆ. "ಕೊನೇಲಿ ಹೇಗೂ ವಿಸ್ತರಿಸ್ತಾರೆ, ಓದ್ತಾ ಇರು" ಅಂತ ಅವರಿಗೆ ಹೇಳೋಕೆ ಮನೇಲಿ ಜನ ಇದ್ದಾರೆ. ನಮ್ಮ ಹುಡುಗಿಗೆ ಆ ಮಾತು ಹೇಳಬೇಕಾದವಳು ನಾನು. ನನಗೆ ಗೊತ್ತಿರಲಿಲ್ಲ. "ಅನರ್ಹ ಅಂತ ಬರೆದಿದ್ದಾರಲ್ಲ, ಮುಂದಿನ ವರ್ಷ ನೋಡೋಣ ಬಿಡು" ಅಂದಿದ್ದೆ. ಸರ್ಕಾರಿ ಕಾಗದದಲ್ಲಿ ಬರೆದದ್ದನ್ನ ನಂಬೋದು ನಮ್ಮ ಜನರ ಅಭ್ಯಾಸ. ಆ ತಪ್ಪು ನನ್ನದೂ ಹೌದು.

ಪರೀಕ್ಷೆ ಬರೆದಳು. ಕ್ಲಿನಿಕಲ್ ಸೀಟು ಸಿಗೋ ಅಂಥ ರ‍್ಯಾಂಕ್ ಬರಲಿಲ್ಲ. ಕಡ್ಡಾಯ ಗ್ರಾಮೀಣ ಸೇವೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಳು. ಅಲ್ಲೇ ರಾತ್ರಿ ಓದಿದಳು.

ಮುಂದಿನ ವರ್ಷದ ತಾರೀಕುಗಳನ್ನ ನೋಡಿ. ನೀಟ್ ಪಿಜಿ 2024 ಮೊದಲು ಮಾರ್ಚ್ 3ಕ್ಕೆ ಅಂದರು. ಆಮೇಲೆ ಜುಲೈ 7 ಅಂದರು. ಮತ್ತೆ ಹಿಂದಕ್ಕೆ ಎಳೆದು ಜೂನ್ 23 ಅಂದರು. ಜೂನ್ 22ರ ರಾತ್ರಿ, ಅಂದರೆ ಪರೀಕ್ಷೆಯ ಹಿಂದಿನ ರಾತ್ರಿ, ಮುಂದೂಡಿದ್ದೀವಿ ಅಂದರು. ಕೊನೆಗೆ ನಡೆದದ್ದು ಆಗಸ್ಟ್ 11ಕ್ಕೆ, ಎರಡು ಪಾಳಿಯಲ್ಲಿ.

ಜೂನ್ 22ರ ರಾತ್ರಿ ನನ್ನ ಅಕ್ಕ ಮತ್ತು ಮಗಳು ಬೇರೆ ಊರಿನ ಒಂದು ಲಾಡ್ಜಿನಲ್ಲಿದ್ದರು. ಬಸ್ ಚಾರ್ಜು, ರೂಮಿನ ಬಾಡಿಗೆ, ಅಕ್ಕನ ಎರಡು ದಿನದ ರಜೆ. ಹುಡುಗಿ ಫೋನ್ ಮಾಡಿ ಅಳಲಿಲ್ಲ. "ಚಿಕ್ಕಮ್ಮ, ಮತ್ತೆ ರಜೆಗೆ ಅರ್ಜಿ ಬರೀಬೇಕು, ಹೆಂಗೆ ಬರೀಲಿ?" ಅಂತ ಕೇಳಿದಳು. ಹೊಸ ತಾರೀಕಿಗೆ ರಜೆ ಕೇಳೋಕೆ ಹೋದಾಗ ಮೇಲಿನವರು "ಎಷ್ಟು ಸಲ ರೀ ನಿಮ್ಮ ಪರೀಕ್ಷೆ?" ಅಂದರಂತೆ. ಪರೀಕ್ಷೆ ಮುಂದೂಡಿದ್ದು ದೆಹಲಿ, ಬೈಸಿಕೊಂಡದ್ದು ಇವಳು.

2025ರಲ್ಲೂ ಇದೇ. ಜೂನ್ 15ಕ್ಕೆ ಎರಡು ಪಾಳಿ ಅಂದಿದ್ದರು. ಮೇ 30ಕ್ಕೆ ಸುಪ್ರೀಂ ಕೋರ್ಟ್ ಒಂದೇ ಪಾಳಿಯಲ್ಲಿ ಮಾಡಿ ಅಂತ ಹೇಳಿತು, ಆ ಮಾತು ನ್ಯಾಯವಾದದ್ದೇ. ಆದರೆ ಮೊದಲೇ ಸರಿಯಾಗಿ ಮಾಡಿದ್ದರೆ? ಪರೀಕ್ಷೆ ಆಗಸ್ಟ್ 3ಕ್ಕೆ ಹೋಯಿತು. 2021ರಲ್ಲಂತೂ ಕೋವಿಡ್‌ನಿಂದ ಏಪ್ರಿಲ್ 18ರ ಪರೀಕ್ಷೆ ಸೆಪ್ಟೆಂಬರ್ 11ಕ್ಕೆ ಹೋಗಿ, ಕೌನ್ಸೆಲಿಂಗ್ 2022ರ ಜನವರಿಗೆ ಶುರುವಾಯಿತು.

ಪ್ರತಿ ಮುಂದೂಡಿಕೆಗೂ ಒಂದು ಬೆಲೆ ಇದೆ. ಪಿಜಿ ರೂಮಿನ ಬಾಡಿಗೆ, ಕೋಚಿಂಗ್ ಆ್ಯಪಿನ ಚಂದಾ, ಊಟ. ಸಂಬಳ ಇಲ್ಲದ ಎರಡು ತಿಂಗಳು ಒಬ್ಬರಿಗೆ "ರಿವಿಷನ್‌ಗೆ ಎಕ್ಸ್‌ಟ್ರಾ ಟೈಮ್". ಇನ್ನೊಬ್ಬರಿಗೆ ಸ್ವಸಹಾಯ ಸಂಘದ ಎರಡು ಕಂತು. ಒಂದೇ ತಾರೀಕು, ಒಂದು ಮನೇಲಿ ಲಾಭ, ಇನ್ನೊಂದು ಮನೇಲಿ ಸಾಲ. ಇದನ್ನ ಯಾವ ಮೆರಿಟ್ ಲಿಸ್ಟಿನಲ್ಲಿ ತೋರಿಸ್ತಾರೆ?

ಹುಡುಗಿಗೆ ಆ ಸಲ ಒಳ್ಳೆ ರ‍್ಯಾಂಕ್ ಬಂತು. ಹೆರಿಗೆ ಮತ್ತು ಸ್ತ್ರೀರೋಗ ವಿಭಾಗ ಬೇಕು ಅಂತ ಮೊದಲಿಂದ ಅವಳ ಆಸೆ. ಯಾಕೆ ಅಂದರೆ ಅವಳ ಅಜ್ಜಿ, ನಮ್ಮವ್ವ, ಸೂಲಗಿತ್ತಿ. ಊರಿನ ದೊಡ್ಡ ಮನೆಗಳ ಹೆರಿಗೆಯನ್ನೂ ಮಾಡಿಸಿದವಳು. ಹಿತ್ತಲ ಬಾಗಿಲಿಂದ ಕರೀತಿದ್ದರು, ಮಗು ಹುಟ್ಟಿದ ಮೇಲೆ ಅವಳು ಕೂತ ಜಾಗ ತೊಳೀತಿದ್ದರು.

ನವೆಂಬರಿನಲ್ಲಿ ಅಖಿಲ ಭಾರತ ಕೋಟಾದ ಮೊದಲ ಸುತ್ತಿನಲ್ಲಿ ಅದೇ ವಿಭಾಗದ ಸೀಟು ಅವಳ ಹೆಸರಿಗೆ ಬಂತು. ಒಂದು ಸರ್ಕಾರಿ ಕಾಲೇಜು. ಮನೇಲಿ ಹೋಳಿಗೆ ಮಾಡಿದೆವು. ಸೇರೋಕೆ ಕೊಟ್ಟಿದ್ದು ಒಂದು ವಾರ.

ಮೂಲ ದಾಖಲೆಗಳು ಎಂಬಿಬಿಎಸ್ ಓದಿದ ಕಾಲೇಜಿನಲ್ಲಿದ್ದವು. ಎಸ್ಸೆಸ್ಸೆಲ್ಸಿ, ಪಿಯುಸಿ ಮಾರ್ಕ್ಸ್ ಕಾರ್ಡ್, ಎಲ್ಲ. ಕೇಳೋಕೆ ಹೋದರೆ "ಫೀಸ್ ಬಾಕಿ ಇದೆ, ಕಟ್ಟಿ ತಗೊಂಡು ಹೋಗಿ" ಅಂದರು. ಯಾವ ಬಾಕಿ? ಸರ್ಕಾರದಿಂದ ಬರಬೇಕಾದ ಶುಲ್ಕ ಮರುಪಾವತಿ. ಅದು ಬಂದಿಲ್ಲ. ಕೊಡಬೇಕಾದವರು ಸರ್ಕಾರ, ತಗೋಬೇಕಾದವರು ಕಾಲೇಜು, ಮಧ್ಯದಲ್ಲಿ ಒತ್ತೆ ಇರೋದು ನಮ್ಮ ಹುಡುಗಿಯ ಮಾರ್ಕ್ಸ್ ಕಾರ್ಡು. ನಾನು ಪತ್ರ ಬರೆದೆ, ಸ್ವೀಕೃತಿ ಕೇಳಿದೆ, ಕೊಡಲಿಲ್ಲ. ನಾಲ್ಕು ದಿನ ಅಲೆದೆವು. ಕೊನೇ ದಿನ ನನ್ನ ಬಳೆ ಅಡ ಇಟ್ಟು ಒಂದು ಲಕ್ಷಕ್ಕೂ ಮೇಲೆ ಕಟ್ಟಿದೆ. ಕಟ್ಟಿದ ಮೇಲೆ "ಬೀರುವಿನ ಕೀ ಇರೋರು ಹೋಗಿದ್ದಾರೆ, ನಾಳೆ ಬನ್ನಿ" ಅಂದರು. ನಾಳೆ ಅನ್ನೋದು ಆ ಸುತ್ತಿನಲ್ಲಿ ಇರಲಿಲ್ಲ.

ಸೀಟು ಹೋಯಿತು. ಮೊದಲ ಸುತ್ತಾದ್ದರಿಂದ ಠೇವಣಿ ಹೋಗಲಿಲ್ಲ, ಅಷ್ಟೇ. ಮುಂದಿನ ಸುತ್ತಿನಲ್ಲಿ ಅರಿವಳಿಕೆ ವಿಭಾಗ ಸಿಕ್ಕಿತು, ಸೇರಿದಳು. ಒಳ್ಳೆ ವಿಭಾಗವೇ, ಚೆನ್ನಾಗಿ ಓದ್ತಿದ್ದಾಳೆ, ಬೇಸರ ಇಲ್ಲ ಅಂತಾಳೆ. ಆದರೆ ಅಕ್ಕ ಆ ರಾತ್ರಿ ಅಂದದ್ದು ನನ್ನ ಕಿವೀಲಿ ಇನ್ನೂ ಇದೆ. "ಅವ್ವ ನೂರಾರು ಹೆರಿಗೆ ಮಾಡಿಸಿದ್ಲು ಕಣೇ, ಯಾರೂ ಕಾಗದ ಕೇಳಿರಲಿಲ್ಲ."

ಇದು ಅರ್ಜಿ ಹಾಕಿದ ಕಥೆ. ರ‍್ಯಾಂಕ್ ಇತ್ತು. ಮೀಸಲಾತಿ ಇತ್ತು. ಸೀಟೂ ಬಂದಿತ್ತು. ಕೈಗೆ ಬರಲಿಲ್ಲ.

ಈಗ "ಮೆರಿಟ್" ಅನ್ನೋರಿಗೆ ಒಂದು ಮಾತು.

ಅಖಿಲ ಭಾರತ ಕೋಟಾ ಶುರುವಾದದ್ದು 1986ರಲ್ಲಿ. ಅದರಲ್ಲಿ ಎಸ್‌ಸಿ, ಎಸ್‌ಟಿ ಮೀಸಲಾತಿ ಬಂದದ್ದು 2007ರಲ್ಲಿ, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ. ಇಪ್ಪತ್ತೊಂದು ವರ್ಷ! ಹಿಂದುಳಿದ ವರ್ಗಗಳ 27% ಬಂದದ್ದು 2021ರಲ್ಲಿ. ಅಷ್ಟು ವರ್ಷ ಆ ಸೀಟುಗಳಲ್ಲಿ ಯಾರು ಓದಿದರು, ಪ್ರೊಫೆಸರ್ ಆದರು, ಈಗ ಯಾರು ನಮ್ಮ ಮಕ್ಕಳ ವೈವಾ ತಗೋತಿದ್ದಾರೆ ಅಂತ ಲೆಕ್ಕ ಹಾಕಿಕೊಳ್ಳಿ.

ಇನ್ನೊಂದು. ನೀಟ್ ಪಿಜಿಯಲ್ಲಿ ಅರ್ಹತೆಗೆ ಜನರಲ್‌ಗೆ 50 ಪರ್ಸೆಂಟೈಲ್, ನಮಗೆ 40. ಆ ಹತ್ತರ ವ್ಯತ್ಯಾಸಕ್ಕೆ ನಮ್ಮ ಮಕ್ಕಳು ಐದೂವರೆ ವರ್ಷ "ಕೋಟಾ ಡಾಕ್ಟರ್" ಅನ್ನಿಸಿಕೊಳ್ತಾರೆ. ಆದರೆ 2023ರ ಸೆಪ್ಟೆಂಬರಿನಲ್ಲಿ ಏನಾಯಿತು? ಸೀಟು ಖಾಲಿ ಉಳೀತಿವೆ ಅಂತ ಎಲ್ಲ ವರ್ಗಕ್ಕೂ ಅರ್ಹತೆಯನ್ನ ಸೊನ್ನೆ ಪರ್ಸೆಂಟೈಲಿಗೆ ಇಳಿಸಿದರು. ಪರೀಕ್ಷೆಗೆ ಕೂತಿದ್ದರೆ ಸಾಕು, ಅರ್ಹ. ಲಕ್ಷ ಲಕ್ಷ ಫೀಸ್ ಕಟ್ಟೋ ತಾಕತ್ತಿದ್ದವರಿಗೆ ಬಾಗಿಲು ತೆರೆದು ಕೂತಿತ್ತು. ಆವತ್ತು ನನ್ನ ಆಫೀಸಿನಲ್ಲಿ ಯಾರೂ ಊಟದ ಹೊತ್ತಲ್ಲಿ ರೋಗಿಗಳ ಪ್ರಾಣದ ಬಗ್ಗೆ ಚಿಂತೆ ಮಾಡಲಿಲ್ಲ. 40 ಅಂದಾಗ ಆಸ್ಪತ್ರೆ ಮುಳುಗುತ್ತೆ, ಸೊನ್ನೆ ಅಂದಾಗ ಮುಳುಗಲ್ಲ. ಯಾಕೆ ಅಂದರೆ ಆ ಸೊನ್ನೆ ದುಡ್ಡಿನ ಜೊತೆ ಬರುತ್ತೆ.

ನಮ್ಮ ಮೀಸಲು ಸೀಟಿನ ವಿಷಯಕ್ಕೆ ಮಾತ್ರ ನಿಯಮ ಬಲು ಚುರುಕು. ಅಭ್ಯರ್ಥಿ ಸಿಗಲಿಲ್ಲ ಅಂದರೆ ಎಸ್‌ಸಿ ಸೀಟು ಎಸ್‌ಟಿಗೆ, ಎಸ್‌ಟಿ ಸೀಟು ಎಸ್‌ಸಿಗೆ, ಅಲ್ಲೂ ಸಿಗದಿದ್ದರೆ ಕೊನೇ ಸುತ್ತುಗಳಲ್ಲಿ ಜನರಲ್‌ಗೆ. "ಸಿಗಲಿಲ್ಲ" ಅಂದರೆ ಏನು? ರ‍್ಯಾಂಕ್ ಇದ್ದವರೇ ಇರಲಿಲ್ಲವೋ, ಅಥವಾ ಬಂದವರ ಮಾರ್ಕ್ಸ್ ಕಾರ್ಡು ಯಾವುದೋ ಬೀರುವಿನಲ್ಲಿ ಇತ್ತೋ? ಇದನ್ನ ಯಾರೂ ಬರೆದಿಡಲ್ಲ. ನನ್ನ ಅಕ್ಕನ ಮಗಳ ಹೆಸರಿನ ಮುಂದೆ "ಸೇರಲಿಲ್ಲ" ಅಂತ ಇರುತ್ತೆ, ಅಷ್ಟೇ. ನಾಳೆ ಅದನ್ನೇ ತೋರಿಸಿ "ನಿಮ್ಮೋರಿಗೆ ಸೀಟು ಕೊಟ್ಟರೂ ಬರಲ್ಲ" ಅಂತಾರೆ.

ಇನ್ನು ಒಂದು ವಿಷಯ, ಹೇಳೋಕೆ ಕಷ್ಟ. ನಮ್ಮ ಮಕ್ಕಳಲ್ಲಿ ಕೆಲವರು ಪಿಜಿ ಫಾರಂನಲ್ಲಿ ಎಸ್‌ಸಿ ಅಂತ ಗುರುತು ಹಾಕಲ್ಲ. ನಾಚಿಕೆ ಅನ್ನಬೇಡಿ, ಅದು ಭಯ. ಮುಂಬೈನಲ್ಲಿ ಪಾಯಲ್ ತಡವಿ ಅನ್ನೋ ಆದಿವಾಸಿ ಹುಡುಗಿ ಸ್ತ್ರೀರೋಗ ವಿಭಾಗದಲ್ಲಿ ಪಿಜಿ ಓದ್ತಾ 2019ರ ಮೇ 22ರಂದು ಪ್ರಾಣ ಕಳಕೊಂಡಳು. ಸೀನಿಯರ್‌ಗಳು ಜಾತಿ ಹಿಡಿದು ಹಿಂಸೆ ಕೊಟ್ಟರು ಅನ್ನೋದು ಆ ಕೇಸಿನ ಆರೋಪ. ದೆಹಲಿಯ ಏಮ್ಸ್‌ನಲ್ಲಿ ಜಾತಿ ತಾರತಮ್ಯದ ಬಗ್ಗೆ ಥೋರಟ್ ಸಮಿತಿ 2007ರಲ್ಲೇ ವರದಿ ಕೊಟ್ಟಿದೆ. ಇದನ್ನೆಲ್ಲ ಕೇಳಿದ ಮಗು "ಜನರಲ್‌ನಲ್ಲೇ ಹಾಕ್ತೀನಿ, ರ‍್ಯಾಂಕ್ ಬಂದ ಮೇಲೆ ನೋಡೋಣ" ಅಂದುಕೊಳ್ಳುತ್ತೆ. ಆಮೇಲೆ ನೋಡೋಕೆ ಆಗಲ್ಲ. ತಿದ್ದುಪಡಿಯ ದಿನಗಳು ಮುಗಿದ ಮೇಲೆ ವರ್ಗ ಬದಲಾಗಲ್ಲ. ಮಕ್ಕಳೇ, ಅದು ಭಿಕ್ಷೆ ಅಲ್ಲ, ಹಕ್ಕು. ಗುರುತು ಹಾಕಿ. ಹಿಂಸೆ ಕೊಟ್ಟರೆ ಹೋರಾಡೋಕೆ ನಾವಿದ್ದೀವಿ. ಗುರುತೇ ಹಾಕದಿದ್ದರೆ ನಾವು ಎಲ್ಲಿ ನಿಂತು ಹೋರಾಡೋದು?

ಈಗ ನಮ್ಮ ಸಂಘಟನೆಗಳಿಗೆ. ಸಿಟ್ಟಾಗಬೇಡಿ, ನಾನೂ ಅದರಲ್ಲಿ ಒಬ್ಬಳು.

ಏಪ್ರಿಲ್ 14ಕ್ಕೆ ಫ್ಲೆಕ್ಸ್ ಹಾಕ್ತೀವಿ, ಡಿಸೆಂಬರ್ 6ಕ್ಕೆ ಮೇಣದ ಬತ್ತಿ ಹಚ್ತೀವಿ. ಈ ಎರಡು ತಾರೀಕು ನಮಗೆ ನಿದ್ದೆಗಣ್ಣಲ್ಲೂ ಗೊತ್ತು. ನೀಟ್ ಪಿಜಿ ಅರ್ಜಿಯ ಕೊನೇ ತಾರೀಕು ನಮ್ಮ ಯಾವ ಪದಾಧಿಕಾರಿಗೆ ಗೊತ್ತು? ಬಾಬಾಸಾಹೇಬರು ತಾರೀಕನ್ನ ಹೇಗೆ ನೋಡ್ತಿದ್ದರು ಅಂತ ನೆನಪು ಮಾಡಿಕೊಳ್ಳಿ. 1917ರಲ್ಲಿ ಬರೋಡದ ವಿದ್ಯಾರ್ಥಿವೇತನದ ಅವಧಿ ಮುಗಿದು ಲಂಡನ್ನಿನ ಓದನ್ನ ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಸುಮ್ಮನೆ ಬರಲಿಲ್ಲ. ನಾಲ್ಕು ವರ್ಷದೊಳಗೆ ವಾಪಸ್ ಬಂದು ಮುಗಿಸಬಹುದು ಅನ್ನೋ ಅನುಮತಿ ತಗೊಂಡು ಬಂದರು. ಆ ನಾಲ್ಕು ವರ್ಷ ತಲೇಲಿ ಇಟ್ಟುಕೊಂಡೇ ಇಲ್ಲಿ ಕೆಲಸ ಮಾಡಿದರು. ಸಿಡೆನ್‌ಹ್ಯಾಮ್ ಕಾಲೇಜಿನ ಸಂಬಳದಲ್ಲಿ ಉಳಿಸಿದ ದುಡ್ಡು, ಶಾಹು ಮಹಾರಾಜರ ನೆರವು, ನವಲ್ ಭಾತೇನಾ ಅನ್ನೋ ಗೆಳೆಯರ ಸಾಲ, ಎಲ್ಲ ಕೂಡಿಸಿ 1920ರಲ್ಲಿ ಹಡಗು ಹತ್ತಿದರು. ಗಡುವು ಮುಗಿಯೋ ಮುಂಚೆ. 1923ರಲ್ಲಿ ಡಿಎಸ್‌ಸಿ. ಅನುಮತಿ ಪತ್ರ ತಗೊಳ್ಳೋದನ್ನ ಅವತ್ತು ಮರೆತಿದ್ದರೆ? ಅವರ ಬುದ್ಧಿಯನ್ನ ಹೊಗಳ್ತೀವಿ. ಅವರ ಕಾಗದದ ಶಿಸ್ತನ್ನ ಕಲಿಯೋದಿಲ್ಲ.

ಹಾಗಾಗಿ ಕೆಳಗಿನದನ್ನ ಸೇವ್ ಮಾಡಿಟ್ಟುಕೊಳ್ಳಿ. ಪ್ರತಿ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ತಾರೀಕು, ಮೊತ್ತ ಬದಲಾಗಬಹುದು, ಅದನ್ನ ನೋಡಿಕೊಂಡೇ ಮುಂದುವರೀರಿ.

1. ಇಂಟರ್ನ್‌ಶಿಪ್ ಶುರುವಾದ ದಿನವೇ ಹೆಸರು ತಾಳೆ ನೋಡಿ. ಎಸ್ಸೆಸ್ಸೆಲ್ಸಿ, ಆಧಾರ್, ಎಂಬಿಬಿಎಸ್ ಮಾರ್ಕ್ಸ್ ಕಾರ್ಡ್, ಜಾತಿ ಪ್ರಮಾಣಪತ್ರ. ಒಂದರಲ್ಲಿ ಇನಿಷಿಯಲ್ ಮುಂದೆ, ಒಂದರಲ್ಲಿ ಹಿಂದೆ. ಒಂದರಲ್ಲಿ ಅಪ್ಪ ಹನುಮಂತಯ್ಯ, ಇನ್ನೊಂದರಲ್ಲಿ ಹನುಮಂತಪ್ಪ. ನಮ್ಮ ಮಕ್ಕಳಲ್ಲಿ ಇದು ಜಾಸ್ತಿ, ಯಾಕೆಂದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಕೇಳಿಸಿಕೊಂಡದ್ದೇ ಹೆಸರು. ತಿದ್ದಿಸೋಕೆ ತಿಂಗಳುಗಳು ಬೇಕು. ಸೇರೋ ವಾರದಲ್ಲಿ ಆಗಲ್ಲ.

2. ಜಾತಿ ಪ್ರಮಾಣಪತ್ರ ಎರಡು ಬಗೆ ಇಟ್ಟುಕೊಳ್ಳಿ. ಕೆಇಎಗೆ ನಾಡಕಚೇರಿಯಿಂದ ಆರ್‌ಡಿ ನಂಬರ್ ಇರೋ ನಮೂನೆ-ಡಿ. ಅಖಿಲ ಭಾರತ ಕೋಟಾ ನಡೆಸೋ ಎಂಸಿಸಿಗೆ ಕೇಂದ್ರದ ನಮೂನೆಯದ್ದು, ಇಂಗ್ಲಿಷ್ ಅಥವಾ ಹಿಂದಿಯಲ್ಲಿ. ಕನ್ನಡದ ಪತ್ರ ಹಿಡಕೊಂಡು ಬೇರೆ ರಾಜ್ಯದ ಕಾಲೇಜಿಗೆ ಹೋಗಿ ನಿಂತರೆ ಯಾರೂ ಓದಲ್ಲ.

3. ಒಳಮೀಸಲಾತಿ. 2025ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಎಸ್‌ಸಿ 17%ನ್ನು 6, 6, 5 ಅಂತ ಹಂಚೋ ತೀರ್ಮಾನ ಮಾಡಿತು. ನಿಮ್ಮ ಪತ್ರದಲ್ಲಿ ಬರೀ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅಂತ ಇದ್ದರೆ ಮೂಲ ಜಾತಿ ಯಾವುದು, ಯಾವ ಗುಂಪು ಅನ್ನೋದು ಅರ್ಜಿಗೆ ಮೊದಲೇ ಕಾಗದದ ಮೇಲೆ ಸ್ಪಷ್ಟವಾಗಬೇಕು. ಇದು ರಾಜ್ಯದ ಸೀಟುಗಳ ಮಾತು. ಅಖಿಲ ಭಾರತ ಕೋಟಾದಲ್ಲಿ ಎಸ್‌ಸಿ 15% ಒಂದೇ. ಎಡ ಬಲದ ವಾದವನ್ನ ಕಾಮೆಂಟಿನಲ್ಲಿ ಆಮೇಲೆ ಮಾಡೋಣ, ಮೊದಲು ಮಗುವಿನ ಪತ್ರ ಸರಿ ಮಾಡಿಸಿ.

4. "ನಾನು ಈ ವರ್ಷ ಅನರ್ಹ" ಅಂತ ನೀವೇ ತೀರ್ಮಾನ ಮಾಡಬೇಡಿ. ಇಂಟರ್ನ್‌ಶಿಪ್ ಗಡುವು 2023ರಲ್ಲಿ ಎರಡು ಸಲ ಮುಂದೆ ಹೋಯಿತು. ಓದು ನಿಲ್ಲಿಸಬೇಡಿ. ತಾತ್ಕಾಲಿಕ ನೋಂದಣಿ ಪತ್ರ, ಫೋಟೋ, ಸಹಿ ಎಲ್ಲ ಸ್ಕ್ಯಾನ್ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. ನಾಲ್ಕು ದಿನದ ಕಿಟಕಿ ತೆರೆದರೆ ಮೊದಲ ದಿನವೇ ಹಾಕಿ.

5. ಅರ್ಜಿ ಶುಲ್ಕ 2024 ಮತ್ತು 2025ರಲ್ಲಿ ಎಸ್‌ಸಿ, ಎಸ್‌ಟಿಗೆ 2,500 ರೂಪಾಯಿ, ಜನರಲ್‌ಗೆ 3,500. ಕೌನ್ಸೆಲಿಂಗ್‌ಗೆ ಬೇರೆ ದುಡ್ಡು ಬೇಕು. ಎಂಸಿಸಿಯಲ್ಲಿ ಅಖಿಲ ಭಾರತ ಕೋಟಾಕ್ಕೆ ನಮಗೆ 500 ರೂಪಾಯಿ ನೋಂದಣಿ, 10,000 ಠೇವಣಿ. ಡೀಮ್ಡ್ ವಿಶ್ವವಿದ್ಯಾಲಯಗಳಿಗೆ 5,000 ನೋಂದಣಿ, 2 ಲಕ್ಷ ಠೇವಣಿ, ಅಲ್ಲಿ ಜಾತಿ ರಿಯಾಯಿತಿ ಇಲ್ಲ. ಕೊನೇ ದಿನ ರಾತ್ರಿ ಕಾರ್ಡ್ ಸಾಲ ಹುಡುಕಬೇಡಿ. ಮೊದಲೇ ತೆಗೆದಿಡಿ. ವಾಪಸ್ ಬರೋ ಖಾತೆ ಯಾರದ್ದು ಅಂತ ನೋಡಿಕೊಳ್ಳಿ, ಸೈಬರ್ ಸೆಂಟರ್‌ನವನ ಕಾರ್ಡಿನಿಂದ ಕಟ್ಟಬೇಡಿ.

6. ಎಂಸಿಸಿ ಬೇರೆ, ಕೆಇಎ ಬೇರೆ. ಒಂದರಲ್ಲಿ ನೋಂದಣಿ ಮಾಡಿದರೆ ಇನ್ನೊಂದಕ್ಕೆ ಆಗಲ್ಲ. ಎರಡರಲ್ಲೂ ಮಾಡಿ.

7. ಆಯ್ಕೆ ತುಂಬುವಾಗ ನಿಮಗೆ ಬೇಕಾದ ಕ್ರಮದಲ್ಲಿ ಹಾಕಿ. "ನಮಗೆಲ್ಲಿ ಸಿಗುತ್ತೆ" ಅಂತ ನಿಮ್ಮ ಕೈಯಾರೆ ಒಳ್ಳೇದನ್ನ ಕೆಳಗೆ ಇಳಿಸಬೇಡಿ. ಮೊದಲ ಸುತ್ತಿನ ಸೀಟು ಬಿಟ್ಟರೆ ಠೇವಣಿ ಉಳಿಯುತ್ತೆ, ಮುಂದಿನ ಸುತ್ತುಗಳಲ್ಲಿ ಹಾಗಲ್ಲ. ಪ್ರತಿ ಸುತ್ತಿಗೂ ಮುಂಚೆ ಆ ಸುತ್ತಿನ ನಿಯಮ ಓದಿ.

8. ಎಲ್ಲಕ್ಕಿಂತ ಮುಖ್ಯ: ಮೂಲ ದಾಖಲೆ. ಇಂಟರ್ನ್‌ಶಿಪ್ ಮುಗಿದ ವಾರವೇ ಕಾಲೇಜಿಗೆ ಲಿಖಿತ ಅರ್ಜಿ ಕೊಡಿ, ಎರಡನೇ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಕೈಗೆ ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ಇಮೇಲ್ ಮಾಡಿ. ಮರುಪಾವತಿ ಬಾಕಿ ಅಂದರೆ ಅದನ್ನ ಬರವಣಿಗೆಯಲ್ಲಿ ಕೊಡಿ ಅನ್ನಿ. ಬಾಯಿ ಮಾತು ಎಷ್ಟು ಜೋರಾಗಿದ್ದರೂ ಫೈಲಿನಲ್ಲಿ ಇರಲ್ಲ. ನಾನು ಇದನ್ನ ನವೆಂಬರಿನಲ್ಲಿ ಮಾಡಿದೆ. ಹಿಂದಿನ ವರ್ಷದ ಆಗಸ್ಟಿನಲ್ಲೇ ಮಾಡಬೇಕಿತ್ತು.

9. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರದ ಆದಾಯ ಮಿತಿ 2.5 ಲಕ್ಷ. ನನ್ನಂಥ ಗುಮಾಸ್ತೆಯ ಸಂಬಳವೂ ಅದನ್ನ ದಾಟುತ್ತೆ. ಹಾಗಾಗಿ ಪಿಜಿ ಫೀಸ್ ಯಾರು ಕಟ್ಟೋದು ಅನ್ನೋ ಲೆಕ್ಕವನ್ನ ಕಾಲೇಜು ಆರಿಸೋ ಮುಂಚೆ ಹಾಕಿ, ಸೀಟು ಬಂದ ಮೇಲಲ್ಲ.

ಸರ್ಕಾರಕ್ಕೆ ನಮ್ಮ ಕೇಳಿಕೆಗಳೂ ಕಾಗದದ ಮೇಲೆ ಇರಲಿ. ಪರೀಕ್ಷೆ, ಫಲಿತಾಂಶ, ಕೌನ್ಸೆಲಿಂಗ್, ಸೇರೋ ದಿನ, ಇಂಟರ್ನ್‌ಶಿಪ್ ಗಡುವು, ಐದನ್ನೂ ಒಂದೇ ಕ್ಯಾಲೆಂಡರಿನಲ್ಲಿ ವರ್ಷ ಮುಂಚೆ ಹೇಳಿ. ಹಿಂದಿನ ರಾತ್ರಿ ಮುಂದೂಡಿದರೆ ಓಡಾಟದ ಖರ್ಚು ಕೊಡಿ. ಶುಲ್ಕ ಮರುಪಾವತಿಯ ಬಾಕಿಗೆ ವಿದ್ಯಾರ್ಥಿಯ ದಾಖಲೆ ಹಿಡಿದಿಟ್ಟುಕೊಳ್ಳೋ ಕಾಲೇಜಿನ ಮೇಲೆ ಕ್ರಮ ಕೈಗೊಳ್ಳಿ, ಬಾಕಿಯನ್ನ ನೀವು ತೀರಿಸಿ. ಆರ್‌ಡಿ ನಂಬರ್ ನಿಮ್ಮ ಸರ್ವರಿನಲ್ಲೇ ಇದೆ, ಅದನ್ನ ನೋಡಿಕೊಳ್ಳಿ, ಮಗುವನ್ನ ಓಡಿಸಬೇಡಿ. ಮೀಸಲು ಸೀಟು ಜನರಲ್‌ಗೆ ಹೋಗೋ ಮುಂಚೆ ಎಷ್ಟು ಜನರನ್ನ ಕರೆದಿರಿ, ಎಷ್ಟು ಜನ ದಾಖಲೆ ಕಾರಣಕ್ಕೆ ಬಿಟ್ಟುಹೋದರು ಅಂತ ಪ್ರತಿ ಸುತ್ತಿನಲ್ಲೂ ಪ್ರಕಟಿಸಿ. ಮೆಡಿಕಲ್ ಕಾಲೇಜುಗಳಲ್ಲಿ ಎಸ್‌ಸಿ/ಎಸ್‌ಟಿ ಸೆಲ್ ಅಂತ ಬೋರ್ಡು ಇರುತ್ತೆ. ಕೌನ್ಸೆಲಿಂಗ್ ತಿಂಗಳಲ್ಲಿ ಅದರ ಬಾಗಿಲೂ ತೆರೆದಿರಲಿ.

ಆದರೆ ಅದೆಲ್ಲ ಆಗೋವರೆಗೆ? ನಮ್ಮಲ್ಲಿ ಎಷ್ಟು ಎಸ್‌ಡಿಎ, ಎಫ್‌ಡಿಎಗಳಿದ್ದಾರೆ. ಕೇಸ್ ವರ್ಕರ್‌ಗಳಿದ್ದಾರೆ, ಕಾಲೇಜು ಆಫೀಸುಗಳಲ್ಲಿ ಸೂಪರಿಂಟೆಂಡೆಂಟ್‌ಗಳಿದ್ದಾರೆ. ನಾವು ಡಾಕ್ಟರ್ ಆಗಲಿಲ್ಲ, ಐಎಎಸ್ ಆಗಲಿಲ್ಲ ಅಂತ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂರ್ತೀವಿ. ಆದರೆ ಕಾಗದ ಹೇಗೆ ನಡೆಯುತ್ತೆ ಅಂತ ಗೊತ್ತಿರೋದು ನಮಗೆ. ಮೀಸಲಾತಿಯಿಂದ ನಮಗೆ ಸಿಕ್ಕ ಕುರ್ಚಿಯ ಋಣ ತೀರಿಸೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ತಾಲೂಕಿಗೆ ಒಬ್ಬರು ಸಾಕು. ಎಂಬಿಬಿಎಸ್ ಓದ್ತಿರೋ ನಮ್ಮ ಮಕ್ಕಳ ಪಟ್ಟಿ ಮಾಡಿ, ಒಬ್ಬೊಬ್ಬರ ಫೈಲು ತೆರೆಯಿರಿ, ಪಕ್ಕದಲ್ಲಿ ತಾರೀಕು ಬರೆಯಿರಿ.

ನಾನು ಶುರು ಮಾಡಿದ್ದೀನಿ. ಎರಡನೇ ಮತ್ತು ನಾಲ್ಕನೇ ಶನಿವಾರ ಆಫೀಸಿಗೆ ರಜೆ. ಅವತ್ತು ನಮ್ಮ ಮನೆ ಜಗಲಿಯೇ ಆಫೀಸು. ಈಗ ಏಳು ಮಕ್ಕಳ ಫೈಲು ಇದೆ. ಕಳೆದ ವಾರ ಒಬ್ಬ ಹುಡುಗನ ಅಪ್ಪನ ಹೆಸರು ಎರಡು ಕಡೆ ಎರಡು ಥರ ಇದ್ದದ್ದು ಸಿಕ್ಕಿತು. ಅವನ ಇಂಟರ್ನ್‌ಶಿಪ್ ಮುಗಿಯೋಕೆ ಇನ್ನೂ ಹತ್ತು ತಿಂಗಳಿದೆ. ತಿದ್ದಿಸೋಕೆ ಸಾಕು.

ಬಳೆ ಇನ್ನೂ ಬಿಡಿಸಿಲ್ಲ. ಮರುಪಾವತಿ ಬಂದಿಲ್ಲ. ಪತ್ರ ಬರೀತಾ ಇದ್ದೀನಿ, ಪ್ರತಿ ತಿಂಗಳು, ಸ್ವೀಕೃತಿ ಸಮೇತ.

ನಿಮ್ಮ ತಾಲೂಕಿನಲ್ಲಿ ಯಾರು ಕೂರ್ತೀರಿ, ಕಾಮೆಂಟಿನಲ್ಲಿ ತಾಲೂಕಿನ ಹೆಸರು ಬರೆಯಿರಿ.

ಜೈ ಭೀಮ್.